ಓದುಗರ ಪ್ರಶ್ನೆ: ನೆಲೆಯಿಲ್ಲದ ಮಕ್ಕಳು, ಯುವಜನರು ಮತ್ತು ಮಾನವ ಕಳ್ಳಸಾಗಣೆ

ಮನೆ ಬಿಟ್ಟು ಬಂದ ಹದಿಹರೆಯದವರು, ಮನೆಯೇ ಇಲ್ಲದ ಯುವಕ ಯುವತಿಯರು ಸಾಗಣೆದಾರರ ಕೈಗೆ ಸಿಗುವುದು ಹೇಗೆ, ಅದನ್ನು ತಡೆಯಲು ಹತ್ತಿರ ಇರುವವರು ಏನು ಮಾಡಬೇಕು ಎಂದು ಕೇಳಿ ಬಂದ ಪತ್ರಗಳಲ್ಲಿ ಆರನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಉತ್ತರಿಸಿದವರು ಮಕ್ಕಳ ರಕ್ಷಣೆ ಮತ್ತು ಜೀತವಿಮುಕ್ತಿ ಕ್ಷೇತ್ರದಲ್ಲಿ ಕೆಲಸ ಮಾಡುವವರು. ಪತ್ರ ಬರೆದವರ ಹೆಸರು ಬಿಟ್ಟಿದ್ದೇವೆ.

ಪ್ರಶ್ನೆ: ಹುಬ್ಬಳ್ಳಿ ರೈಲ್ವೆ ಸ್ಟೇಷನ್ ಹೊರಗ ನಂದೊಂದು ಚಹಾದ ಅಂಗಡಿ ಐತಿ. ಎರಡು ದಿನದಿಂದ ಹದಿನಾಲ್ಕು-ಹದಿನೈದು ವರ್ಷದ ಹುಡುಗ ಒಬ್ಬ ಅಲ್ಲೇ ತಿರಗ್ಯಾಡಾಕತ್ತಾನ. ಕೇಳಿದ್ರ "ಅಣ್ಣ ಬರ್ತಾನ" ಅಂತಾನ. ಪೊಲೀಸರಿಗೆ ಹೇಳಿದ್ರ ನನ್ನನ್ನ ಸ್ಟೇಷನ್ನು, ಕೋರ್ಟು ಅಂತ ಅಡ್ಡಾಡಿಸ್ತಾರೇನೋ ಅಂತ ಅಂಜಿಕಿ. ಅಂಗಡಿಯಾಗ ಇಟ್ಟಕೊಂಡು ಊಟ ಹಾಕಿದ್ರ ತಪ್ಪೇನು?

ಉತ್ತರ: ಊಟ ಹಾಕಿ. ಅಂಗಡಿಯಲ್ಲಿ ಮಾತ್ರ ಇಟ್ಟುಕೊಳ್ಳಬೇಡಿ. ದಿಕ್ಕಿಲ್ಲದ ಅಥವಾ ದಾರಿ ತಪ್ಪಿದ ಮಗುವನ್ನು ಯಾರೇ ತಮ್ಮ ಬಳಿ ಇರಿಸಿಕೊಂಡರೂ 24 ಗಂಟೆಯೊಳಗೆ ಮಕ್ಕಳ ಸಹಾಯವಾಣಿಗೆ, ಪೊಲೀಸರಿಗೆ, ಮಕ್ಕಳ ಕಲ್ಯಾಣ ಸಮಿತಿಗೆ ಅಥವಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ತಿಳಿಸಬೇಕು ಎಂದು 2015ರ ಬಾಲನ್ಯಾಯ ಕಾಯ್ದೆಯ 32ನೇ ಸೆಕ್ಷನ್ ಹೇಳುತ್ತದೆ. ತಿಳಿಸದಿದ್ದರೆ ಆರು ತಿಂಗಳವರೆಗೆ ಸಜೆ, 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಅವನಿಂದ ಲೋಟ ತೊಳೆಸಿದಿರೋ, ವಯಸ್ಸು ಹದಿನಾಲ್ಕು ತುಂಬಿಲ್ಲವಾದರೆ ಅದು ಬೇರೆಯದೇ ಅಪರಾಧ. ಒಂದು ಫೋನು ಮಾಡಿದರೆ ನಿಮ್ಮ ಹೊಣೆ ಮುಗಿಯುತ್ತದೆ, ಹುಡುಗನಿಗೂ ದಾರಿ ಸಿಗುತ್ತದೆ.

ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಅದು ಈಗ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕೈಯಲ್ಲಿದೆ, ತುರ್ತು ಕರೆಯ ಸಂಖ್ಯೆ 112ರ ಜೊತೆಗೂ ಜೋಡಣೆಯಾಗಿದೆ. ಹುಡುಗ ಸ್ಟೇಷನ್ ಒಳಗಿದ್ದರೆ ರೈಲ್ವೆ ಸಹಾಯವಾಣಿ 139ಕ್ಕೆ ಅಥವಾ ಪ್ಲಾಟ್‌ಫಾರಂನಲ್ಲಿರುವ ರೈಲ್ವೆ ರಕ್ಷಣಾ ಪಡೆಯ (ಆರ್‌ಪಿಎಫ್) ಸಿಬ್ಬಂದಿಗೆ ಹೇಳಿದರೂ ಆದೀತು. ದೊಡ್ಡ ನಿಲ್ದಾಣಗಳಲ್ಲಿ ಮಕ್ಕಳ ಸಹಾಯ ಕೇಂದ್ರ ಇರುತ್ತದೆ. ಕರೆ ಮಾಡುವಾಗ "ಸ್ಟೇಷನ್ ಹತ್ತಿರ ಒಬ್ಬ ಹುಡುಗ ಇದ್ದಾನೆ" ಎಂದಷ್ಟೇ ಹೇಳಿದರೆ ಬಂದವರು ಹುಡುಕಿ ಸುಸ್ತಾಗಿ ವಾಪಸು ಹೋಗುತ್ತಾರೆ. ಯಾವ ಗೇಟು, ಯಾವ ಅಂಗಡಿಯ ಪಕ್ಕ, ಅಂದಾಜು ವಯಸ್ಸು, ಅಂಗಿಯ ಬಣ್ಣ, ಆಡುವ ಭಾಷೆ, ಮೈಮೇಲೆ ಗಾಯವಿದೆಯೇ, ಸುತ್ತ ಬೇರೆ ಯಾರಾದರೂ ಸುಳಿಯುತ್ತಿದ್ದಾರೆಯೇ, ಇವಿಷ್ಟನ್ನೂ ಹೇಳಿ. ಕರೆ ಮಾಡಿದ ಹೊತ್ತನ್ನೂ ಮಾತಾಡಿದವರ ಹೆಸರನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ನಿಮ್ಮ ಹೆಸರು ಗೋಪ್ಯವಾಗಿಡಿ ಎಂದು ಕೇಳಬಹುದು.

ಕಷ್ಟ ಇರುವುದು ಅವರು ಬರುವವರೆಗಿನ ಹೊತ್ತಿನಲ್ಲಿ. "ಯಾಕ ಓಡಿ ಬಂದಿ, ಅಪ್ಪ ಏನ್ ಮಾಡ್ತಾನ" ಎಂದು ಕೆದಕಿದರೆ ಹುಡುಗ ಎದ್ದು ಹೋಗುತ್ತಾನೆ. ಮೂರೇ ಮಾತು ಸಾಕು: ಊಟ ಆಯ್ತೇನು, ರಾತ್ರಿ ಎಲ್ಲಿ ಮಲಗಿದ್ದಿ, ಮೈಗೆ ಏನಾದರೂ ನೋವೈತೇನು. ಬೆಳಕಿರುವ ಕಡೆ, ನಿಮ್ಮ ಕಣ್ಣಿಗೆ ಕಾಣುವಂತೆ ಕೂರಿಸಿ. ಯಾರಿಗೆ ಫೋನು ಮಾಡಿದ್ದೀರಿ ಎಂಬುದನ್ನು ಮುಚ್ಚಿಡಬೇಡಿ. ಮೋಸ ಹೋದೆ ಅನ್ನಿಸಿದರೆ ಅವನು ಇನ್ನು ಯಾರನ್ನೂ ನಂಬುವುದಿಲ್ಲ. ಫೋಟೊ ತೆಗೆದು ಗ್ರೂಪಿಗೆ ಹಾಕಲೇಬೇಡಿ. ಇಂಥ ಮಗುವಿನ ಗುರುತು ಬಯಲು ಮಾಡುವುದು ಅದೇ ಕಾಯ್ದೆಯ 74ನೇ ಸೆಕ್ಷನ್ ಅಡಿ ಅಪರಾಧ, ದಂಡವೇ ಎರಡು ಲಕ್ಷದವರೆಗಿದೆ. ಅದಕ್ಕಿಂತ ಮುಖ್ಯವಾಗಿ, ಯಾವ ಜಾಗದಲ್ಲಿ ಒಂಟಿ ಹುಡುಗ ಕೂತಿದ್ದಾನೆಂದು ಬೇಡದವರಿಗೂ ಅದು ತಿಳಿಸುತ್ತದೆ.

ಇನ್ನು ಆ "ಅಣ್ಣ". ಅವನ ಪೂರ್ತಿ ಹೆಸರು, ನಂಬರು ಹುಡುಗನಿಗೆ ಗೊತ್ತೇ? ರೈಲಿನಲ್ಲೋ ಸ್ಟೇಷನ್ನಿನಲ್ಲೋ ಪರಿಚಯವಾಗಿ, ಒಂದು ಊಟ ಕೊಡಿಸಿ, "ಇಲ್ಲೇ ಇರು, ಕೆಲಸ ನೋಡಿಕೊಂಡು ಬರ್ತೀನಿ" ಎಂದು ಹೋದವನಾದರೆ ಎಚ್ಚರ. ಸಾಗಣೆದಾರ ಎಂದರೆ ಬಾಯಿಗೆ ಬಟ್ಟೆ ತುರುಕಿ ಹೊತ್ತೊಯ್ಯುವವನು ಎಂದು ಎಲ್ಲರ ಮನಸ್ಸಿನಲ್ಲಿದೆ. ಬೀದಿಯಲ್ಲಿರುವ ಮಕ್ಕಳ ವಿಷಯದಲ್ಲಿ ಅವನು ಮೊದಲು ಊಟ ಕೊಡಿಸುವವನು, ಮಲಗಲು ಜಾಗ ತೋರಿಸುವವನು. ಹಸಿವು, ನಿದ್ದೆ, ಒಂಟಿತನ ಈ ಮೂರನ್ನು ಬೇರೆ ಯಾರೂ ವಿಚಾರಿಸದ ಹೊತ್ತಿನಲ್ಲಿ ಅವನೊಬ್ಬ ವಿಚಾರಿಸಿರುತ್ತಾನೆ. ಯಾರಾದರೂ "ನಮ್ಮ ಹುಡುಗ" ಎಂದು ಕರೆದೊಯ್ಯಲು ಬಂದರೆ ಹುಡುಗನ ಪೂರ್ತಿ ಹೆಸರು, ತಾಯಿಯ ಹೆಸರು, ಓದಿದ ಶಾಲೆ ಕೇಳಿ. ಅದಕ್ಕೂ ಮೊದಲು ಅದೇ ಪ್ರಶ್ನೆಗಳಿಗೆ ಹುಡುಗನಿಂದ ಉತ್ತರ ಪಡೆದಿರಬೇಕು. ತಾಳೆಯಾಗದಿದ್ದರೆ ಜಗಳಕ್ಕೆ ನಿಲ್ಲದೆ ಗಾಡಿ ನಂಬರು ಬರೆದುಕೊಂಡು 112ಕ್ಕೆ ಹೇಳಿ.

ಮುಂದಿನ ಕೆಲಸ ಸಹಾಯವಾಣಿಯವರದು, ಪೊಲೀಸರದು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿಯ ಸಭೆ ಇಲ್ಲದ ಹೊತ್ತಿನಲ್ಲಿ ಒಬ್ಬ ಸದಸ್ಯರ ಮುಂದೆಯೂ ಹಾಜರುಪಡಿಸಬಹುದು. ತೆರೆದ ತಂಗುದಾಣದಲ್ಲೋ ಬಾಲಮಂದಿರದಲ್ಲೋ ಇರಿಸಿ, ಮನೆಯ ಪರಿಸ್ಥಿತಿಯ ಬಗ್ಗೆ ಸಾಮಾಜಿಕ ತನಿಖಾ ವರದಿ ತರಿಸಿಕೊಂಡು ಮನೆಗೆ ಕಳಿಸಬೇಕೋ ಬೇಡವೋ ನಿರ್ಧರಿಸುತ್ತಾರೆ. ಹಲವು ಸಲ ಎಡವುವುದು ಇಲ್ಲೇ. ಅವಸರದಲ್ಲಿ ಅದೇ ರಾತ್ರಿಯ ರೈಲು ಹತ್ತಿಸಿ ಮನೆಗೆ ಮುಟ್ಟಿಸಿಬಿಡುತ್ತಾರೆ. ಏಟು ತಿಂದು ಓಡಿಬಂದವನಿಗೆ ಮತ್ತೆ ಏಟು. ಎರಡನೇ ಸಲ ಓಡಿಬಂದಾಗ ಅವನು ಸ್ಟೇಷನ್ನಿನಲ್ಲಿ ಕಾಯುವುದಿಲ್ಲ, ಗುರುತಾಗಿರುವ "ಅಣ್ಣ"ನ ಹತ್ತಿರ ನೇರವಾಗಿ ಹೋಗುತ್ತಾನೆ. ಹಾಗಾಗಿ ಮನೆಯಲ್ಲಿ ಏಟಿನ ಮಾತು ಅವನ ಬಾಯಲ್ಲಿ ಬಂದಿದ್ದರೆ ಬಂದ ಸಿಬ್ಬಂದಿಗೆ ಅದನ್ನು ಮರೆಯದೆ ಹೇಳಿ.

ಪ್ರಶ್ನೆ: ನನಗೆ 19 ವರ್ಷ. ಬೆಂಗಳೂರಿಗೆ ಕೆಲಸ ಹುಡುಕಿ ಬಂದೆ, ರೂಮಿಗೆ ದುಡ್ಡಿಲ್ಲದೆ ಮೆಜೆಸ್ಟಿಕ್‌ನಲ್ಲಿ ಮಲಗುತ್ತಿದ್ದೇನೆ. ಕೇಟರಿಂಗ್ ಮೇಸ್ತ್ರಿ ಅಂತ ಒಬ್ಬರು, ಶುಂಠಿ ಹೊಲದ ಕೆಲಸ ಅಂತ ಇನ್ನೊಬ್ಬರು ಕರೆಯುತ್ತಿದ್ದಾರೆ. ಊಟ, ವಸತಿ, ದಿನಕ್ಕೆ ಇಷ್ಟು ಅಂತಾರೆ. ಹೋಗಬಹುದಾ?

ಉತ್ತರ: ಕೇಟರಿಂಗ್, ತೋಟ, ಹೊಲ, ಬೋರ್‌ವೆಲ್ ಲಾರಿ, ಬೇಕರಿ ಎಲ್ಲೆಡೆ ಪ್ರಾಮಾಣಿಕ ಕೆಲಸವೂ ಇದೆ. ಹೋಗಲೇಬೇಡಿ ಎಂದರೆ ನಿಮ್ಮ ಹೊಟ್ಟೆಗೆ ನಾವು ದಾರಿ ತೋರಿಸಿದಂತಾಗಲಿಲ್ಲ. ಆದರೆ ನಿಲ್ದಾಣದಿಂದಲೇ ಆಳು ಎತ್ತುವವರಿಗೆ ನಿಮ್ಮಲ್ಲಿ ಕಾಣುವುದು ತೋಳಿನ ಬಲ ಒಂದೇ ಅಲ್ಲ. ಇವನನ್ನು ಹುಡುಕಿಕೊಂಡು ಯಾರೂ ಬರುವುದಿಲ್ಲ ಎಂಬುದೂ ಅವರಿಗೆ ಕಾಣುತ್ತದೆ.

2018ರ ಡಿಸೆಂಬರ್‌ನಲ್ಲಿ ಹಾಸನ ಜಿಲ್ಲೆ ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿಯ ಶೆಡ್‌ನಿಂದ 52 ಮಂದಿಯನ್ನು ಬಿಡಿಸಲಾಯಿತು. ಅವರಲ್ಲಿ ಅನೇಕರನ್ನು ಕರೆತಂದಿದ್ದು ಬಸ್ ಮತ್ತು ರೈಲು ನಿಲ್ದಾಣಗಳಿಂದ, ಆಟೊದಲ್ಲಿ. ದಿನಕ್ಕೆ 600 ರೂಪಾಯಿ ಕೂಲಿ ಎಂಬ ಮಾತು. ಶೆಡ್ ತಲುಪಿದ ಮೇಲೆ ಮೊಬೈಲು, ಇದ್ದ ದುಡ್ಡು, ಗುರುತಿನ ಚೀಟಿ ಕಿತ್ತುಕೊಂಡರು. ಹಗಲೆಲ್ಲ ಶುಂಠಿ ಹೊಲದಂಥ ಕಡೆಗಳಲ್ಲಿ ದುಡಿತ, ರಾತ್ರಿ ಶೆಡ್‌ಗೆ ಬೀಗ, ತಪ್ಪಿಸಿಕೊಳ್ಳಲು ನೋಡಿದವರಿಗೆ ಹೊಡೆತ. ಗೋಡೆ ಹಾರಿ ತಪ್ಪಿಸಿಕೊಂಡ ಒಬ್ಬರಿಂದ ವಿಷಯ ಹೊರಬಿತ್ತು.

ಕರೆದವರನ್ನು ಹೀಗೆ ಪರೀಕ್ಷಿಸಿ. ಊರು, ತಾಲ್ಲೂಕು, ಜಮೀನಿನ ಅಥವಾ ಹಾಲ್‌ನ ಮಾಲೀಕರ ಹೆಸರು, ಅವರ ನಂಬರು ಕೇಳಿ, ಎದುರಿಗೇ ಕರೆ ಮಾಡಿ. "ಹಾಸನದ ಕಡೆ" ಎಂಬ ಉತ್ತರ ಉತ್ತರವಲ್ಲ. ಕೂಲಿ ದಿನಕ್ಕೋ ವಾರಕ್ಕೋ, ಕೈಗೋ ಖಾತೆಗೋ ಎಂದು ಕೇಳಿ. "ಸೀಸನ್ ಮುಗಿದ ಮೇಲೆ ಒಟ್ಟಿಗೆ" ಎಂದರೆ ಬೇಡ. ಮುಂಗಡ ಮುಟ್ಟಲೇಬೇಡಿ, ಐನೂರು ರೂಪಾಯಿಯಾದರೂ ಸರಿ. ಜೀತ ಶುರುವಾಗುವುದೇ ಆ ಸಣ್ಣ ಸಾಲದಿಂದ. ಆಮೇಲೆ ಊಟ, ಚಾರ್ಜು, ಗುಟ್ಕಾ, ಕ್ವಾರ್ಟರು ಎಲ್ಲ ಲೆಕ್ಕಕ್ಕೆ ಸೇರಿ ಸಾಲ ಕರಗುವುದೇ ಇಲ್ಲ. ಖಾಲಿ ಹಾಳೆಗೆ ಸಹಿ, ಹೆಬ್ಬೆಟ್ಟು ಬೇಡ. ಆಧಾರ್‌ನ ಜೆರಾಕ್ಸ್ ಕೊಡಿ, ಮೂಲ ಕಾರ್ಡು ಕೊಡಬೇಡಿ. ನಿಮ್ಮ ಹೆಸರಿನಲ್ಲಿ ಸಿಮ್ ಅಥವಾ ಬ್ಯಾಂಕ್ ಖಾತೆ ತೆಗೆದು ಕೊಟ್ಟರೆ ಎರಡು ಸಾವಿರ ಕೊಡುತ್ತೇವೆ ಎನ್ನುವವರೂ ಅಲ್ಲೇ ತಿರುಗುತ್ತಾರೆ. ಆ ಖಾತೆಯಲ್ಲಿ ಸೈಬರ್ ವಂಚನೆಯ ಹಣ ಓಡಾಡಿದರೆ ಪೊಲೀಸರು ಮೊದಲು ಹುಡುಕಿ ಬರುವುದು ನಿಮ್ಮನ್ನೇ.

ಹೋಗುವುದೇ ಆದರೆ ಗಾಡಿಯ ನಂಬರನ್ನೂ ಕರೆದವರ ನಂಬರನ್ನೂ ಒಬ್ಬರಿಗಾದರೂ ಕಳಿಸಿ ಹೊರಡಿ: ಊರಿನ ಗೆಳೆಯ, ಆಶ್ರಯ ಕೇಂದ್ರದ ಮೇಲ್ವಿಚಾರಕ, ದಿನಾ ಟೀ ಕುಡಿಯುವ ಅಂಗಡಿಯವರು, ಯಾರಾದರೂ ಸರಿ. ಇಂಥ ದಿನ ಇಷ್ಟು ಹೊತ್ತಿಗೆ ಫೋನು ಮಾಡುತ್ತೇನೆ, ಮಾಡದಿದ್ದರೆ 112ಕ್ಕೆ ತಿಳಿಸಿ ಎಂದು ಹೇಳಿಡಿ. ಕರೆದವರ ಎದುರಿಗೇ ಇದನ್ನು ಮಾಡಿ. ಪ್ರಾಮಾಣಿಕ ಮೇಸ್ತ್ರಿಗೆ ಇದರಿಂದ ಬೇಸರವಾಗುವುದಿಲ್ಲ. ಒಂದು ನಂಬರನ್ನು ಬಾಯಿಪಾಠ ಮಾಡಿಕೊಳ್ಳಿ, ಬಸ್ ಚಾರ್ಜಿನಷ್ಟು ಹಣ ಬೇರೆ ಕಡೆ ಬಚ್ಚಿಡಿ.

ಸಿಕ್ಕಿಬಿದ್ದರೆ ತಿಳಿದಿರಲಿ: "ನೀನೇ ಒಪ್ಪಿ ಬಂದೆಯಲ್ಲ" ಎಂಬ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಆಮಿಷ, ವಂಚನೆ, ಬಲವಂತದಿಂದ ಕರೆದೊಯ್ದು ಶೋಷಿಸಿದರೆ ಅದು ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್ ಅಡಿ ಕಳ್ಳಸಾಗಣೆ. ಶಿಕ್ಷೆ ಕನಿಷ್ಠ ಏಳು ವರ್ಷ, ಒಬ್ಬರಿಗಿಂತ ಹೆಚ್ಚು ಜನರನ್ನು ಸಾಗಿಸಿದ್ದರೆ ಕನಿಷ್ಠ ಹತ್ತು. ಸಾಗಣೆಗೊಳಗಾದವರ ಒಪ್ಪಿಗೆ ಲೆಕ್ಕಕ್ಕಿಲ್ಲ ಎಂದು ಆ ಸೆಕ್ಷನ್ನಿನಲ್ಲೇ ಬರೆದಿದೆ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ, ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಾಮಗಾರಿಯ ಕಾರ್ಮಿಕರ ಪ್ರಕರಣದಲ್ಲಿ ಹೇಳಿದೆ.

ಈ ಹೊತ್ತಿನ ನಿಮ್ಮ ದೊಡ್ಡ ಅಗತ್ಯ ಮಲಗುವ ಜಾಗ. ನಗರಗಳಲ್ಲಿ ಒಂದು ಲಕ್ಷ ಜನಸಂಖ್ಯೆಗೆ ನೂರು ಜನ ಹಿಡಿಯುವ ಒಂದು ಆಶ್ರಯ ಕೇಂದ್ರ ಇರಬೇಕೆಂಬ ನಿಯಮವಿದೆ. ಬೆಂಗಳೂರಿನಲ್ಲಿ ಆ ಲೆಕ್ಕಕ್ಕೆ ಸಾಲುವಷ್ಟು ಇಲ್ಲ, ಇದು ಆಡಳಿತದ ನಾಚಿಕೆಗೇಡು. ಆದರೂ ಇರುವ ಕೇಂದ್ರಗಳಲ್ಲಿ ಹಾಸಿಗೆ ಖಾಲಿ ಇರುತ್ತದೆ, ಗೊತ್ತಿಲ್ಲದವರು ಹೊರಗೆ ಮಲಗಿರುತ್ತಾರೆ. ಪಾಲಿಕೆಯ ವಾರ್ಡ್ ಕಚೇರಿಯಲ್ಲಿ "ನಗರ ವಸತಿರಹಿತರ ಆಶ್ರಯ ಕೇಂದ್ರ ಎಲ್ಲಿದೆ" ಎಂದು ಕೇಳಿ. ಮತದಾರರ ಚೀಟಿಗೆ ಮನೆ ವಿಳಾಸ ಇರಲೇಬೇಕೆಂದಿಲ್ಲ. ವಸತಿರಹಿತರು ಅರ್ಜಿ ಹಾಕಿದರೆ ಬೂತ್ ಮಟ್ಟದ ಅಧಿಕಾರಿ ರಾತ್ರಿ ಹೊತ್ತು ಬಂದು ಅವರು ಅಲ್ಲೇ ಮಲಗುತ್ತಾರೆಂದು ಖಚಿತಪಡಿಸಿಕೊಂಡರೆ ಸಾಕು. ಗುರುತಿನ ಚೀಟಿ ಒಂದು ಕೈಗೆ ಬಂದರೆ ಮೇಸ್ತ್ರಿಗಳ ಹಂಗು ಅರ್ಧ ಕಳೆಯುತ್ತದೆ.

ಪ್ರಶ್ನೆ: ರಾಯಚೂರು ಜಿಲ್ಲೆಯವರು. ಹದಿನಾರು ವರ್ಷದ ಮಗಳು ಮನೆಯಲ್ಲಿ ಜಗಳ ಮಾಡಿಕೊಂಡು ಹೋಗಿದ್ದಾಳೆ. ಇನ್‌ಸ್ಟಾಗ್ರಾಂನಲ್ಲಿ ಪರಿಚಯವಾದ ಯಾರೋ ಕೆಲಸ ಕೊಡಿಸುತ್ತೇನೆ ಅಂದಿದ್ದನಂತೆ. ಸ್ಟೇಷನ್‌ನಲ್ಲಿ "24 ಗಂಟೆ ನೋಡಿ, ಬರ್ತಾಳೆ" ಅಂದರು.

ಉತ್ತರ: 24 ಗಂಟೆ ಕಾಯಬೇಕೆಂಬ ನಿಯಮ ಎಲ್ಲೂ ಇಲ್ಲ. ಹದಿನೆಂಟರೊಳಗಿನ ಮಗು ಕಾಣೆಯಾದರೆ ತಕ್ಷಣ ಎಫ್‌ಐಆರ್ ದಾಖಲಿಸಬೇಕು, ಅಪಹರಣ ಅಥವಾ ಸಾಗಣೆ ಎಂದೇ ಭಾವಿಸಿ ತನಿಖೆ ಶುರು ಮಾಡಬೇಕು ಎಂದು ಸುಪ್ರೀಂ ಕೋರ್ಟ್ 2013ರ ಮೇ ತಿಂಗಳಲ್ಲಿ ಆದೇಶ ಮಾಡಿದೆ. ಅವಳಾಗಿಯೇ ಹೊರಟುಹೋಗಿದ್ದರೂ, ಹದಿನೆಂಟರೊಳಗಿನವಳನ್ನು ಪೋಷಕರ ಒಪ್ಪಿಗೆಯಿಲ್ಲದೆ ಪುಸಲಾಯಿಸಿ ಕರೆದೊಯ್ಯುವುದು ಅಪಹರಣವೇ. ಬರೀ "ಕಾಣೆ" ಅರ್ಜಿಗೆ ಸ್ವೀಕೃತಿ ಪಡೆದು ಮನೆಗೆ ಬರಬೇಡಿ, ಎಫ್‌ಐಆರ್ ಪ್ರತಿ ಕೇಳಿ. ಅದು ಉಚಿತ. ವ್ಯಾಪ್ತಿ ನಮ್ಮದಲ್ಲ ಎಂದರೆ ಝೀರೊ ಎಫ್‌ಐಆರ್ (ಯಾವ ಠಾಣೆಯಲ್ಲಾದರೂ ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳಿಸುವ ದೂರು) ಹಾಕಿ ಎಂದು ಹೇಳಿ. ಕಳ್ಳಸಾಗಣೆಯ ದೂರನ್ನು ದಾಖಲಿಸದ ಅಧಿಕಾರಿಗೆ ನ್ಯಾಯ ಸಂಹಿತೆಯ 199ನೇ ಸೆಕ್ಷನ್‌ನಲ್ಲಿ ಆರು ತಿಂಗಳಿಂದ ಎರಡು ವರ್ಷದವರೆಗೆ ಶಿಕ್ಷೆಯಿದೆ. ಇದನ್ನು ಮೆಲ್ಲಗೆ, ಗೌರವದಿಂದಲೇ ನೆನಪಿಸಿ. ಆಗದಿದ್ದರೆ ಅಂಚೆಯಲ್ಲಿ ಎಸ್‌ಪಿಯವರಿಗೆ ಬರೆಯಿರಿ, ಮಕ್ಕಳ ಕಲ್ಯಾಣ ಸಮಿತಿಗೂ ಒಂದು ಪ್ರತಿ ಕೊಡಿ.

ಹೋಗುವಾಗ ಇತ್ತೀಚಿನ ಫೋಟೊ, ಶಾಲೆಯ ವರ್ಗಾವಣೆ ಪತ್ರ ಅಥವಾ ಅಂಕಪಟ್ಟಿ, ಅವಳ ಫೋನ್ ನಂಬರು ಮತ್ತು ಐಎಂಇಐ ಸಂಖ್ಯೆ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ಒಯ್ಯಿರಿ. ಐಎಂಇಐ ಫೋನಿನ ಡಬ್ಬಿಯ ಮೇಲೆ ಅಥವಾ ಬಿಲ್‌ನಲ್ಲಿ ಇರುತ್ತದೆ. ಸಿಮ್ ಬದಲಾಯಿಸಿದರೂ ಅದರಿಂದ ಪತ್ತೆಯಾದೀತು. ಆ ಖಾತೆಯ ಹೆಸರು, ಲಿಂಕು, ಪೋಸ್ಟುಗಳ ಸ್ಕ್ರೀನ್‌ಶಾಟ್‌ಗಳನ್ನು ಈಗಲೇ ತೆಗೆದಿಟ್ಟುಕೊಳ್ಳಿ. ದೂರು ಕೊಟ್ಟ ಸುದ್ದಿ ಮುಟ್ಟಿದ ತಕ್ಷಣ ಖಾತೆ ಮಾಯವಾಗುತ್ತದೆ. ಅವನಿಗೆ ನೀವೇ ಮೆಸೇಜು ಮಾಡಿ ಬೆದರಿಸಬೇಡಿ. ಗೆಳತಿಯರನ್ನು ಬೈಯದೆ ಕೇಳಿ. ಯಾವ ಊರಿನ ಹೆಸರು ಬಾಯಲ್ಲಿ ಬರುತ್ತಿತ್ತು, ಹಣ ಯಾರು ಕಳಿಸಿದರು ಎಂಬುದು ಅವರಿಗೆ ಗೊತ್ತಿರುತ್ತದೆ.

ನಾಲ್ಕು ತಿಂಗಳಲ್ಲಿ ಪತ್ತೆಯಾಗದಿದ್ದರೆ ತನಿಖೆಯನ್ನು ಮಾನವ ಕಳ್ಳಸಾಗಣೆ ತಡೆ ಘಟಕಕ್ಕೆ ವಹಿಸಬೇಕು. ತನಿಖೆ ಕುಂಟುತ್ತಿದೆ ಅನ್ನಿಸಿದರೆ ಅಲ್ಲಿಯವರೆಗೂ ಕಾಯದೆ ಹೈಕೋರ್ಟಿನ ಕಲಬುರಗಿ ಪೀಠದಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಅವಳನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಎಂದು ಕೇಳುವ ಅರ್ಜಿ, ಹಾಕಬಹುದು. ವಕೀಲರಿಗೆ ಹಣವಿಲ್ಲದಿದ್ದರೆ 15100ಕ್ಕೆ ಕರೆ ಮಾಡಿದರೆ ಉಚಿತ ಕಾನೂನು ನೆರವು ಸಿಗುತ್ತದೆ.

ಇನ್ನೊಂದು ಮಾತು, ಇದನ್ನು ಅಪ್ಪ ಅಮ್ಮ ಇಬ್ಬರೂ ಓದಿ. ಅವಳು ಯಾರದೋ ಫೋನಿನಿಂದ ಒಂದೇ ಒಂದು ಸಲ ಕರೆ ಮಾಡಬಹುದು. ಆ ಕರೆಯಲ್ಲಿ "ಮಾನ ಕಳೆದೆ" ಎಂಬ ಮಾತು ಬಂದರೆ ಎರಡನೇ ಕರೆ ಬರುವುದಿಲ್ಲ. "ಯಾರೂ ಬೈಯಲ್ಲವ್ವ, ಎಲ್ಲಿದ್ದೀ, ಕಿಟಕಿಯಿಂದ ಏನು ಕಾಣ್ತದ ಹೇಳು" ಎನ್ನಿ. ಅಂಗಡಿ ಬೋರ್ಡು, ಬಸ್ಸಿನ ಹೆಸರು, ಭಾಷೆ ಯಾವುದಾದರೂ ಸಾಕು. ಬಂದ ನಂಬರನ್ನು ತಿರುಗಿ ಡಯಲ್ ಮಾಡದೆ ತನಿಖಾಧಿಕಾರಿಗೆ ಕೊಡಿ.

ಪ್ರಶ್ನೆ: ಸಿಗ್ನಲ್‌ಗಳಲ್ಲಿ ಮಗು ಎತ್ತಿಕೊಂಡು ಬೇಡುವವರೆಲ್ಲ ಮಕ್ಕಳ ಕಳ್ಳರು ಅಂತ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತಿದೆ. ನಿಜವೇ?

ಉತ್ತರ: ಅಲ್ಲ. ಬೇಡುವವರಲ್ಲಿ ಸ್ವಂತ ಮಕ್ಕಳ ಜೊತೆ ಬೀದಿಯಲ್ಲೇ ಬದುಕುವ ಕುಟುಂಬಗಳಿವೆ. ಇಂಥದೇ ಸಂದೇಶ ನಂಬಿ 2018ರ ಮೇನಲ್ಲಿ ಬೆಂಗಳೂರಿನಲ್ಲಿ, ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಗುಂಪುಗಳು ಅಮಾಯಕರನ್ನು ಹೊಡೆದು ಕೊಂದವು. ಆ ಸಂದೇಶ ಮುಂದಕ್ಕೆ ಕಳಿಸಬೇಡಿ. ಅನುಮಾನಕ್ಕೆ ಕಾರಣವಿರುವ ಲಕ್ಷಣಗಳು ಬೇರೆ: ಒಂದೇ ಕೂಸು ಬೇರೆ ಬೇರೆ ದಿನ ಬೇರೆ ಬೇರೆಯವರ ಸೊಂಟದ ಮೇಲಿರುವುದು, ಉರಿ ಬಿಸಿಲು, ಹಾರನ್ ಸದ್ದಿನಲ್ಲೂ ಕೂಸು ಗಂಟೆಗಟ್ಟಲೆ ಮಿಸುಕದೆ ಮಲಗಿರುವುದು, ದೊಡ್ಡ ಮಕ್ಕಳು ಸಂಜೆ ಒಬ್ಬನೇ ವ್ಯಕ್ತಿಗೆ ಹಣ ಒಪ್ಪಿಸುವುದು. ಇಂಥವು ಕಂಡರೆ ಜಾಗ, ಹೊತ್ತು ಬರೆದುಕೊಂಡು 1098ಕ್ಕೆ ಹೇಳಿ. ಮಗುವನ್ನು ಭಿಕ್ಷೆಗೆ ಬಳಸುವುದಕ್ಕೆ ಬಾಲನ್ಯಾಯ ಕಾಯ್ದೆಯಲ್ಲಿ ಐದು ವರ್ಷದವರೆಗೆ ಸಜೆ, ಒಂದು ಲಕ್ಷ ದಂಡ ಇದೆ. ಕಾಸಿನ ಬದಲು ಬಾಳೆಹಣ್ಣು, ಬಿಸ್ಕತ್ತು ಕೊಟ್ಟು ಅಲ್ಲೇ ತಿನ್ನಲು ಹೇಳಿ.

ಪ್ರಶ್ನೆ: ನಮ್ಮ ಗುಜರಿ ಅಂಗಡಿಗೆ ಚಿಂದಿ ತರುವ ಹುಡುಗರು ಅಮಲಿಗಾಗಿ ಸೊಲ್ಯೂಷನ್ (ಪಂಕ್ಚರ್ ಅಂಟು) ಮೂಸುತ್ತಾರೆ. ಅವರಿಗೊಬ್ಬ ದೊಡ್ಡ ಹುಡುಗ ಅದನ್ನು ತಂದುಕೊಟ್ಟು ಕೆಲಸ ಮಾಡಿಸುತ್ತಾನೆ. ಅಟ್ಟಿಸಿ ಓಡಿಸಿದರೂ ಮತ್ತೆ ಬರುತ್ತಾರೆ.

ಉತ್ತರ: ಮೊದಲನೆಯದಾಗಿ, ಮೂಸಿದ ಅಮಲಿನಲ್ಲಿರುವ ಹುಡುಗನನ್ನು ಅಟ್ಟಬೇಡಿ, ಬೆಚ್ಚಿಬೀಳಿಸಬೇಡಿ. ಪಂಕ್ಚರ್ ಅಂಟು, ವೈಟ್ನರ್ ತೆಳುವಾಗಿಸುವ ದ್ರವಗಳಲ್ಲಿ ಟಾಲ್ಯುಯಿನ್‌ನಂಥ ರಾಸಾಯನಿಕಗಳಿರುತ್ತವೆ. ಅವು ಮೈಯಲ್ಲಿರುವಾಗ ಹೆದರಿ ಓಡಿದರೆ ಹೃದಯದ ಬಡಿತ ತಪ್ಪಿ ಕುಸಿದು ಸಾಯುವ ಅಪಾಯವಿದೆ, ಮೊದಲ ಸಲ ಮೂಸಿದವನಿಗೂ. ಮುಷ್ಟಿಯಲ್ಲಿ ಮುದುರಿದ ಒದ್ದೆ ಬಟ್ಟೆ ಅಥವಾ ಬಾಯಿಗೆ ಹಿಡಿದ ಪ್ಲಾಸ್ಟಿಕ್ ಕವರ್ ಕಂಡರೆ ಗಾಳಿಯಾಡುವ ಕಡೆ ಕೂರಿಸಿ, ಮೆಲ್ಲಗೆ ಮಾತಾಡಿ. ತೂಕಡಿಸುತ್ತಿದ್ದರೆ ಒಂದು ಪಕ್ಕಕ್ಕೆ ಮಲಗಿಸಿ. ಸುತ್ತ ಬೀಡಿ, ಬೆಂಕಿ ಬೇಡ. ಪ್ರಜ್ಞೆ ತಪ್ಪಿದರೆ 108.

ಆ ದೊಡ್ಡ ಹುಡುಗ ಮಾಡುತ್ತಿರುವುದು ದುಡಿಸಿಕೊಳ್ಳುವ ಹಳೆಯ ತಂತ್ರ. ಹಸಿವನ್ನೂ ಚಳಿಯನ್ನೂ ಮರೆಸುವ ವಸ್ತು ಒಬ್ಬನ ಕೈಯಿಂದಲೇ ಬರುತ್ತಿದ್ದರೆ ಮಕ್ಕಳು ಅವನನ್ನು ಬಿಟ್ಟು ಹೋಗಲಾರರು. ಮಗುವಿಗೆ ಅಮಲು ಪದಾರ್ಥ ಕೊಡುವುದು ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್‌ನಲ್ಲಿ ಏಳು ವರ್ಷದವರೆಗಿನ ಅಪರಾಧ. ಆದರೆ ಅವನಿಗೇ ಹದಿನೆಂಟು ತುಂಬಿಲ್ಲದಿರಬಹುದು, ಅವನೂ ಇದೇ ದಾರಿಯಲ್ಲಿ ಬಂದವನಿರಬಹುದು. ಅವನ ಮೇಲೆ ಯಾರಿದ್ದಾರೆ ಎಂಬುದನ್ನು ತಿಳಿದವರು ವಿಚಾರಿಸಲಿ, ನೀವು 1098ಕ್ಕೆ ಇಬ್ಬರ ವಿಷಯವನ್ನೂ ಹೇಳಿ. ಬೆಂಗಳೂರಿನಲ್ಲಾದರೆ 1980ರಿಂದ ಬೀದಿ ಮಕ್ಕಳ ನಡುವೆ ಕೆಲಸ ಮಾಡುತ್ತಿರುವ ಬಾಸ್ಕೊದಂಥ ಸಂಸ್ಥೆಗಳಿವೆ. ಮತ್ತು ನೀವು ಮಕ್ಕಳು ತಂದ ಚಿಂದಿ ಕೊಳ್ಳುವುದನ್ನು ನಿಲ್ಲಿಸಿ. ಆ ವ್ಯಾಪಾರ ನಡೆಯುವವರೆಗೆ ಈ ಸರಪಳಿಯಲ್ಲಿ ನಿಮ್ಮ ಅಂಗಡಿಯೂ ಒಂದು ಕೊಂಡಿ.

ಪ್ರಶ್ನೆ: ಬೋರ್‌ವೆಲ್ ಲಾರಿಯಿಂದ ತಪ್ಪಿಸಿಕೊಂಡು ಬಂದ ಮೂವರು ಹುಡುಗರು ನಮ್ಮ ಸಂಘದ ಕಚೇರಿಯಲ್ಲಿದ್ದಾರೆ. ಒಬ್ಬನಿಗೆ 17, ಇನ್ನಿಬ್ಬರಿಗೆ ಇಪ್ಪತ್ತರ ಆಸುಪಾಸು. ಮಾಲೀಕ ತಲಾ ಹತ್ತು ಸಾವಿರ ಕೊಟ್ಟು ಊರಿಗೆ ಕಳಿಸುತ್ತೇನೆ, ಕೇಸು ಬೇಡ ಅನ್ನುತ್ತಿದ್ದಾರೆ. ಹುಡುಗರೂ ಒಪ್ಪುತ್ತಿದ್ದಾರೆ. 17ರವನು ಊರಿಗೆ ಹೋಗಲ್ಲ ಅನ್ನುತ್ತಾನೆ. ಅವನು ಹಿಂದೆ ಬಾಲಮಂದಿರದಲ್ಲಿ ಇದ್ದವನಂತೆ.

ಉತ್ತರ: ಹಣ ಬಾಕಿ ಕೂಲಿಯಾದರೆ ಅದು ಅವರದೇ, ವಸೂಲಿ ಆಗಲೇಬೇಕು. ಆದರೆ ಅದನ್ನು "ಸೆಟಲ್‌ಮೆಂಟ್" ಎಂದು ಬರೆದುಕೊಟ್ಟು ರೈಲು ಹತ್ತಿಸಿದರೆ ಮೂವರೂ ಕಳೆದುಕೊಳ್ಳುವುದು ಬಹಳ. ಮುಂಗಡ ಕೊಟ್ಟು, ಹೊರಹೋಗಲು ಬಿಡದೆ ದುಡಿಸಿದ್ದರೆ ಅದು 1976ರ ಜೀತಪದ್ಧತಿ ರದ್ದತಿ ಕಾಯ್ದೆಯಡಿ ಬರುತ್ತದೆ. ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿ ವಿಚಾರಣೆ ನಡೆಸಿ ಬಿಡುಗಡೆ ಪತ್ರ ಕೊಡಬೇಕು. ಆ ಒಂದು ಹಾಳೆಯಿದ್ದರೆ ಸಾಲ ರದ್ದು. ಸಾಲ ಇರಲಿಲ್ಲ, ಜೀತವಲ್ಲ ಎಂದು ಸಾಬೀತು ಮಾಡುವ ಹೊರೆ ಮಾಲೀಕನ ಮೇಲೆ. ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ತಕ್ಷಣಕ್ಕೆ 30,000 ರೂಪಾಯಿವರೆಗೆ, ಮುಂದೆ ವಯಸ್ಕ ಪುರುಷರಿಗೆ ಒಂದು ಲಕ್ಷ, ಮಕ್ಕಳಿಗೆ ಮತ್ತು ಮಹಿಳೆಯರಿಗೆ ಎರಡು ಲಕ್ಷ, ಕಳ್ಳಸಾಗಣೆ ಮತ್ತು ಲೈಂಗಿಕ ಶೋಷಣೆಯಂಥ ತೀವ್ರ ಪ್ರಕರಣಗಳಲ್ಲಿ ಮೂರು ಲಕ್ಷ ರೂಪಾಯಿ ಇದೆ. ಮಾಲೀಕನಿಗೆ ಶಿಕ್ಷೆಯಾಗಿಲ್ಲ ಎಂಬ ಕಾರಣಕ್ಕೆ ಪ್ರಸ್ತಾವ ತಡೆಹಿಡಿಯುವಂತಿಲ್ಲ, ಜೀತ ಎಂದು ಜಿಲ್ಲಾಧಿಕಾರಿಗೆ ಮೇಲ್ನೋಟಕ್ಕೆ ಮನವರಿಕೆಯಾಗಿದ್ದರೆ ಸಾಕು.

ಮೂವರ ಹೇಳಿಕೆಯನ್ನೂ ಬೇರೆ ಬೇರೆಯಾಗಿ, ಮಾಲೀಕನೂ ಅವನ ಕಡೆಯವರೂ ಇಲ್ಲದ ಕೋಣೆಯಲ್ಲಿ, ಅವರ ಭಾಷೆ ಬಲ್ಲವರನ್ನು ಇಟ್ಟುಕೊಂಡು ಬರೆಸಿ. ಬಡಬಡನೆ "ಜೀತ ಮಾಡಿಸಿದರು" ಎಂದು ಬರೆಸಿದರೆ ವಿಚಾರಣೆಯಲ್ಲಿ ನಿಲ್ಲುವುದಿಲ್ಲ. ಎಲ್ಲಿ, ಯಾರು ಕರೆದರು, ಎಷ್ಟು ಮುಂಗಡ, ಯಾರ ಕೈಗೆ, ದಿನಕ್ಕೆ ಎಷ್ಟು ಗಂಟೆ ಕೆಲಸ, ರಾತ್ರಿ ಎಲ್ಲಿ ಮಲಗಿದರು, ಫೋನು ಯಾರ ಹತ್ತಿರವಿತ್ತು, ಕಾಯಿಲೆ ಬಿದ್ದಾಗ ಏನಾಯಿತು, ಊರಿಗೆ ಹೋಗಬೇಕು ಎಂದಾಗ ಏನೆಂದರು, ಹೀಗೆ ಒಂದೊಂದಾಗಿ. ಲಾರಿಯ ನಂಬರು, ಕೊರೆದ ಊರುಗಳ ಹೆಸರು ನೆನಪಿದ್ದಷ್ಟೂ ಸೇರಲಿ. ಬರೆಸುವ ಮೊದಲು ಊಟ, ನಿದ್ದೆ, ಗಾಯಗಳ ವೈದ್ಯಕೀಯ ತಪಾಸಣೆ ಆಗಿರಲಿ.

ಹದಿನೇಳರ ಹುಡುಗನ ದಾರಿ ಬೇರೆ. ಅವನನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮಾಲೀಕ "ಅವನಿಗೆ ಇಪ್ಪತ್ತು" ಎನ್ನುತ್ತಾನೆ. ವಯಸ್ಸಿಗೆ ಮೊದಲ ಆಧಾರ ಶಾಲೆಯ ಅಥವಾ ಹತ್ತನೇ ತರಗತಿಯ ದಾಖಲೆ, ಅದಿಲ್ಲದಿದ್ದರೆ ಜನನ ಪತ್ರ, ಎರಡೂ ಇಲ್ಲದಾಗ ಮಾತ್ರ ಮೂಳೆ ಪರೀಕ್ಷೆ. ಹಿಂದೆ ಬಾಲಮಂದಿರದಲ್ಲಿದ್ದರೆ ಅಲ್ಲಿನ ಕಡತದಲ್ಲಿ ವಯಸ್ಸು ನಮೂದಾಗಿಯೇ ಇರುತ್ತದೆ, ತರಿಸಿ.

ಅವನು ಸಂಸ್ಥೆಯಿಂದ ಹೊರಬಂದ ರೀತಿಯಲ್ಲೇ ಈ ಕಥೆಯ ಬೇರು ಇದೆ ಅನ್ನಿಸುತ್ತದೆ. ಸಮಿತಿಯ ಮುಂದೆ ಹೋದಾಗ ಮುಂದಿನ ವರ್ಷದ ಮಾತನ್ನೂ ಈಗಲೇ ಎತ್ತಿ. ಹದಿನೆಂಟು ತುಂಬಿ ಮಕ್ಕಳ ಪಾಲನಾ ಸಂಸ್ಥೆಯಿಂದ ಹೊರಡುವವರಿಗೆ 21ರವರೆಗೆ, ವಿಶೇಷ ಸಂದರ್ಭಗಳಲ್ಲಿ 23ರವರೆಗೆ ಅನುಪಾಲನೆ, ಅಂದರೆ ಸಂಸ್ಥೆ ಬಿಟ್ಟ ಮೇಲಿನ ಆಸರೆ, ಇದೆ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಲ್ಲಿ ಇದಕ್ಕೆ ತಿಂಗಳಿಗೆ 4,000 ರೂಪಾಯಿ ನೆರವು. ಹುಟ್ಟುಹಬ್ಬ ಕಳೆದ ಮೇಲೆ ಅರ್ಜಿ ಹಿಡಿದು ಓಡಾಡಿದರೆ ಆ ನಡುವಿನ ತಿಂಗಳುಗಳಲ್ಲಿ ಅವನು ಮತ್ತೆ ನಿಲ್ದಾಣದಲ್ಲಿರುತ್ತಾನೆ. ಹಾಗಾಗಿ ಅವನಿಗಾಗಿ ಸಿದ್ಧಪಡಿಸುವ ವೈಯಕ್ತಿಕ ಪಾಲನಾ ಯೋಜನೆಯಲ್ಲೇ ಅನುಪಾಲನೆಯನ್ನು ಬರೆಸಿ, ಸಮಿತಿಯ ಆದೇಶದ ಪ್ರತಿ ಪಡೆಯಿರಿ.

ದಾಖಲೆಗಳ ಕೆಲಸ ಅವನು ಸಂಸ್ಥೆಯಲ್ಲಿರುವಾಗಲೇ ಆಗಬೇಕು. ವಿಳಾಸವಿಲ್ಲದವರ ಆಧಾರ್‌ಗೆ ಮಾನ್ಯತೆ ಪಡೆದ ಆಶ್ರಯ ಗೃಹದ ಅಧೀಕ್ಷಕರು ನಿಗದಿತ ನಮೂನೆಯಲ್ಲಿ ಕೊಡುವ ಪ್ರಮಾಣಪತ್ರ ನಡೆಯುತ್ತದೆ. ಹೊಸದಾಗಿ ನೋಂದಾಯಿಸಲು ಹೋದಾಗ "ಈಗಾಗಲೇ ಆಧಾರ್ ಇದೆ" ಎಂದು ತಿರಸ್ಕಾರವಾದರೆ ಬೇಸರ ಬೇಡ. ಹಳೆಯ ನೋಂದಣಿಯಿಂದ ಮನೆಯ ವಿಳಾಸವೇ ಸಿಕ್ಕು ಕುಟುಂಬ ಪತ್ತೆಯಾದ ಮಕ್ಕಳಿದ್ದಾರೆ. ಆಮೇಲೆ ಅವನ ಒಬ್ಬನ ಹೆಸರಿನಲ್ಲೇ ಬ್ಯಾಂಕ್ ಖಾತೆ. ಜೀತವಿಮುಕ್ತಿಯ ಹಣವೂ ಕೂಲಿ ಬಾಕಿಯೂ ಅದಕ್ಕೇ ಬರಲಿ. ಎಟಿಎಂ ಕಾರ್ಡು, ಪಿನ್ನು ನಿಮ್ಮ ಸಂಘದವರ ಬಳಿಯೂ ಇರಬಾರದು. ಬಿಡುಗಡೆ ಪತ್ರದ ಮೂರು ಜೆರಾಕ್ಸ್ ಮಾಡಿಸಿ ಒಂದನ್ನು ಅವನಿಗೆ, ಒಂದನ್ನು ಸಮಿತಿಗೆ ಕೊಟ್ಟು, ಒಂದನ್ನು ನಿಮ್ಮ ಕಡತದಲ್ಲಿಡಿ. ಮೂಲ ಪ್ರತಿ ಸಂಸ್ಥೆಯ ಬೀರುವಿನಲ್ಲಿರಲಿ, ಹೊರಡುವ ದಿನ ಸಹಿ ಪಡೆದು ಅವನ ಕೈಗೆ ಕೊಡಲಿ.